ಗಡಿಯಾಚೆಯ ಜೀತ: ಕರೆತಂದರೆ ಮುಗಿಯಿತೇ?

2025ರ ಮಾರ್ಚ್ 10 ಮತ್ತು 11ರಂದು ಭಾರತೀಯ ವಾಯುಪಡೆಯ ವಿಮಾನಗಳು ಥಾಯ್ಲೆಂಡಿನ ಗಡಿ ಪಟ್ಟಣ ಮೇ ಸೋಟ್‌ನಿಂದ 549 ಮಂದಿ ಭಾರತೀಯರನ್ನು ಹೊತ್ತು ತಂದವು. ಇವರು ಯುದ್ಧದಲ್ಲಿ ಸಿಲುಕಿದವರಲ್ಲ, ಪ್ರವಾಹ ಭೂಕಂಪಗಳ ಸಂತ್ರಸ್ತರೂ ಅಲ್ಲ. ಕೆಲಸ ಹುಡುಕಿಕೊಂಡು ವಿಮಾನ ಹತ್ತಿದವರು. ಮೇ ಸೋಟ್‌ನ ಪಕ್ಕದಲ್ಲೇ ಹರಿಯುವ ಮೋಯಿ ನದಿಯ ಆಚೆ ದಡದಲ್ಲಿ ಮ್ಯಾನ್ಮಾರ್‌ನ ಮ್ಯಾವಡಿ ಇದೆ. ಅಲ್ಲಿನ ಎತ್ತರದ ಗೋಡೆಗಳ ಒಳಗೆ ಇವರನ್ನು ಕೂಡಿಹಾಕಿ, ಅಂತರ್ಜಾಲದ ಮೂಲಕ ಜಗತ್ತಿನ ಜನರನ್ನು ವಂಚಿಸುವ ಕೆಲಸ ಮಾಡಿಸಲಾಗುತ್ತಿತ್ತು. ಇಂಟರ್‌ಪೋಲ್ 2025ರ ಮಾರ್ಚ್‌ವರೆಗೆ ಕಲೆಹಾಕಿದ ಮಾಹಿತಿಯಂತೆ ಇಂಥ ವಂಚನಾ ಕೇಂದ್ರಗಳಿಗೆ ಸಾಗಿಸಲ್ಪಟ್ಟವರು 66 ದೇಶಗಳಿಗೆ ಸೇರಿದವರು. ಮ್ಯಾನ್ಮಾರ್‌ನಲ್ಲಿ ಕನಿಷ್ಠ 1.20 ಲಕ್ಷ, ಕಾಂಬೋಡಿಯಾದಲ್ಲಿ ಸುಮಾರು ಒಂದು ಲಕ್ಷ ಜನ ಹೀಗೆ ಸಿಲುಕಿರಬಹುದು ಎಂದು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿ 2023ರ ಆಗಸ್ಟ್‌ನಲ್ಲಿ ಅಂದಾಜಿಸಿತ್ತು. ಮಾನವ ಕಳ್ಳಸಾಗಣೆ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಬಡ ಹಳ್ಳಿಯ ಹೆಣ್ಣುಮಗಳು ಇಲ್ಲವೇ ಇಟ್ಟಿಗೆ ಗೂಡಿನ ಕೂಲಿ. ಆ ಲೋಕ ಇಂದಿಗೂ ಹಾಗೆಯೇ ಇದೆ. ಆದರೆ ಪದವಿ ಓದಿದ, ಇಂಗ್ಲಿಷ್ ಬಲ್ಲ, ಕಂಪ್ಯೂಟರ್ ಮುಂದೆ ಕೂತು ದುಡಿಯುವ ಹುಡುಗರೂ ಈಗ ಆ ಸಾಲಿಗೆ ಸೇರಿದ್ದಾರೆ.

ಈ ಜಾಲದ ಕೆಲಸ ನಡೆಯುವ ಬಗೆಯನ್ನು ಹತ್ತಿರದಿಂದ ನೋಡಬೇಕು. ಟೆಲಿಗ್ರಾಂ, ಇನ್‌ಸ್ಟಾಗ್ರಾಂ ಅಥವಾ ಫೇಸ್‌ಬುಕ್‌ನಲ್ಲಿ ಒಂದು ಜಾಹೀರಾತು ಬರುತ್ತದೆ. ಹುದ್ದೆಯ ಹೆಸರು ‘ಡಿಜಿಟಲ್ ಸೇಲ್ಸ್ ಆ್ಯಂಡ್ ಮಾರ್ಕೆಟಿಂಗ್ ಎಕ್ಸಿಕ್ಯೂಟಿವ್’ ಎಂದೋ ‘ಡೇಟಾ ಎಂಟ್ರಿ ಆಪರೇಟರ್’ ಎಂದೋ ಇರುತ್ತದೆ. ಫೋನಿನಲ್ಲೇ ಸಂದರ್ಶನ ಮುಗಿಯುತ್ತದೆ, ಟೈಪಿಂಗ್ ವೇಗದ ಪರೀಕ್ಷೆಯೂ ನಡೆಯುತ್ತದೆ. ವಿಮಾನದ ಟಿಕೆಟ್, ಹೋಟೆಲ್ ಬುಕಿಂಗ್ ಎಲ್ಲವನ್ನೂ ಕಂಪನಿಯೇ ಕಳುಹಿಸುತ್ತದೆ. ಊರಿನ ಏಜೆಂಟ್ ತನ್ನ ಕಮಿಷನ್ ಎಣಿಸಿಕೊಳ್ಳುತ್ತಾನೆ. ಬ್ಯಾಂಕಾಕ್‌ನಲ್ಲಿ ಇಳಿದವರನ್ನು ಕಾರಿನಲ್ಲಿ ಕೂರಿಸಿ, ಸುಮಾರು 500 ಕಿಲೋಮೀಟರ್ ದೂರದ ಗಡಿಗೆ ಒಯ್ದು, ನದಿ ದಾಟಿಸುತ್ತಾರೆ. ಮೊದಲು ಪಾಸ್‌ಪೋರ್ಟ್, ಆಮೇಲೆ ಮೊಬೈಲ್ ಕಿತ್ತುಕೊಳ್ಳುತ್ತಾರೆ. ಆವರಣದೊಳಗೆ ವಸತಿ, ಊಟದ ಮನೆ, ಅಂಗಡಿ ಎಲ್ಲ ಇರುತ್ತದೆ, ಹೊರಗೆ ಹೋಗುವ ಅವಕಾಶವೊಂದು ಇರುವುದಿಲ್ಲ. ಕಿಟಕಿಗಳಿಗೂ ಬಾಲ್ಕನಿಗಳಿಗೂ ಕಬ್ಬಿಣದ ಸರಳು, ಗೋಡೆಯ ಮೇಲೆ ಮುಳ್ಳುತಂತಿ, ಬಾಗಿಲಲ್ಲಿ ಬಂದೂಕುಧಾರಿಗಳು. ಒಬ್ಬೊಬ್ಬರ ಕೈಗೂ ಹತ್ತಾರು ನಕಲಿ ಖಾತೆಗಳು ಮತ್ತು ಸಿದ್ಧಪಡಿಸಿದ ಸಂಭಾಷಣೆಯ ಹಾಳೆಗಳು ಬರುತ್ತವೆ. ಮೊದಲ ದಿನ ಏನು ಮಾತಾಡಬೇಕು, ಎಷ್ಟನೆಯ ದಿನ ಹೂಡಿಕೆಯ ವಿಷಯ ಎತ್ತಬೇಕು ಎಂಬುದೆಲ್ಲ ಅದರಲ್ಲಿ ಬರೆದಿರುತ್ತದೆ. ದಿನಕ್ಕೆ ಹದಿನಾರು ಗಂಟೆಯ ದುಡಿಮೆ. ಗುರಿ ಮುಟ್ಟದಿದ್ದರೆ ದಂಡ, ಹೊಡೆತ, ವಿದ್ಯುತ್ ಶಾಕ್. ಬಿಡುಗಡೆ ಬೇಕೆಂದರೆ ಮನೆಯವರು ಲಕ್ಷಗಟ್ಟಲೆ ಹಣ ಕಟ್ಟಬೇಕು, ಇಲ್ಲವಾದರೆ ಇನ್ನೊಂದು ಕಂಪನಿಗೆ ಮಾರಾಟವಾಗಬೇಕು.

ಈ ಅಪರಾಧಕ್ಕೆ ಎರಡು ತುದಿಗಳಿವೆ, ಕರ್ನಾಟಕ ಆ ಎರಡೂ ಕಡೆ ಪೆಟ್ಟು ತಿಂದಿದೆ. ಇಲ್ಲಿನ ಜಿಲ್ಲೆಗಳ ಯುವಕರು ಕಾಂಬೋಡಿಯಾದಂಥ ಕಡೆ ಸಿಕ್ಕಿಬಿದ್ದ ಪ್ರಕರಣಗಳು ವರದಿಯಾಗಿವೆ. ಇನ್ನೊಂದೆಡೆ, ಷೇರು ವಹಿವಾಟಿನ ನಕಲಿ ಆ್ಯಪ್‌ಗಳಿಗೆ, ‘ಡಿಜಿಟಲ್ ಅರೆಸ್ಟ್’ ಬೆದರಿಕೆಗೆ ಜೀವಮಾನದ ಉಳಿತಾಯ ಕಳೆದುಕೊಂಡವರ ದೂರುಗಳು ಸೈಬರ್ ಅಪರಾಧಗಳನ್ನು ನೋಡಿಕೊಳ್ಳುವ ಬೆಂಗಳೂರಿನ ಸೆನ್ ಪೊಲೀಸ್ ಠಾಣೆಗಳಲ್ಲಿ ಬೆಳೆಯುತ್ತಲೇ ಇವೆ. ಕೇಂದ್ರ ಸರ್ಕಾರ ಸಂಸತ್ತಿಗೆ ಕೊಟ್ಟ ಲೆಕ್ಕದಂತೆ ಸೈಬರ್ ವಂಚನೆಯಿಂದ ಭಾರತೀಯರು ಕಳೆದುಕೊಂಡ ಹಣ 2023ರಲ್ಲಿ 7,465 ಕೋಟಿ ರೂಪಾಯಿ ಇದ್ದದ್ದು 2024ರಲ್ಲಿ 22,845 ಕೋಟಿಗೆ ಏರಿತು. ಇದೆಲ್ಲವೂ ಮ್ಯಾವಡಿಗೆ, ಕಾಂಬೋಡಿಯಾದ ಸಿಹಾನೂಕ್‌ವಿಲ್‌ಗೇ ಹೋಯಿತೆಂದಲ್ಲ. ಆದರೆ ಅದರಲ್ಲಿ ದೊಡ್ಡ ಪಾಲು ಆಗ್ನೇಯ ಏಷ್ಯಾದ ಈ ಕೇಂದ್ರಗಳದ್ದೆಂದು ಗೃಹ ಸಚಿವಾಲಯದ ಭಾರತೀಯ ಸೈಬರ್ ಅಪರಾಧ ಸಮನ್ವಯ ಕೇಂದ್ರವೇ ಹೇಳುತ್ತ ಬಂದಿದೆ. ಪರದೆಯ ಈಚೆ ಹಣ ಕಳೆದುಕೊಳ್ಳುವ ನಿವೃತ್ತ ನೌಕರ ಒಬ್ಬ ಸಂತ್ರಸ್ತನಾದರೆ, ಏಟಿನ ಭಯದಲ್ಲಿ ಆತನನ್ನು ವಂಚಿಸುವ ಹುಡುಗ ಇನ್ನೊಬ್ಬ ಸಂತ್ರಸ್ತ. ಲಾಭ ಪಡೆಯುವವನು ಈ ಇಬ್ಬರಿಗೂ ಕಾಣದ ಮೂರನೆಯವನು.

ಆ ಮೂರನೆಯವನನ್ನು ಮುಟ್ಟುವ ಸಹಕಾರ ದೇಶಗಳ ನಡುವೆ ಇನ್ನೂ ಬೆಳೆದಿಲ್ಲ. ಇಂದು ಅಂತಾರಾಷ್ಟ್ರೀಯ ಸಹಕಾರವೆಂದರೆ ಬಹುಮಟ್ಟಿಗೆ ಬಿಡಿಸಿ ಕರೆತರುವುದು. ರಾಯಭಾರ ಕಚೇರಿ ಪತ್ರ ಬರೆಯುತ್ತದೆ, ಆತಿಥೇಯ ದೇಶ ದಾಳಿ ನಡೆಸುತ್ತದೆ, ವಿಮಾನ ಬರುತ್ತದೆ, ಪತ್ರಿಕಾ ಪ್ರಕಟಣೆ ಹೊರಡುತ್ತದೆ. ಒಬ್ಬೊಬ್ಬ ತಾಯಿಯ ಪಾಲಿಗೂ ಇದು ದೊಡ್ಡದು, ಇದಕ್ಕಾಗಿ ದುಡಿದ ಅಧಿಕಾರಿಗಳು ಕೃತಜ್ಞತೆಗೆ ಅರ್ಹರು. ಆದರೆ ಕರೆತಂದಲ್ಲಿಗೇ ಕಡತ ಮುಚ್ಚಿದರೆ ಖಾಲಿಯಾದ ಕುರ್ಚಿಗೆ ಇನ್ನೊಬ್ಬ ಬಂದು ಕೂರುತ್ತಾನೆ. ಊರಿನ ಏಜೆಂಟ್‌ನಿಂದ ಹಿಡಿದು ಆವರಣದ ಮಾಲೀಕನವರೆಗೆ, ಬಾಡಿಗೆ ಬ್ಯಾಂಕ್ ಖಾತೆಯಿಂದ ಹಿಡಿದು ಕ್ರಿಪ್ಟೊ ಹಣದ ಕೊನೆಯ ನಿಲ್ದಾಣದವರೆಗೆ ಇಡೀ ಸರಪಳಿಯನ್ನು ಒಂದೇ ಪ್ರಕರಣವಾಗಿ ಹಲವು ದೇಶಗಳ ಪೊಲೀಸರೂ ನ್ಯಾಯಾಲಯಗಳೂ ಸೇರಿ ನಡೆಸಬೇಕು, ಮರಳಿ ಬಂದ ಸಂತ್ರಸ್ತರು ಆ ಪ್ರಕರಣದ ಮುಖ್ಯ ಸಾಕ್ಷಿಗಳಾಗಬೇಕು. ಅದಾಗದೆ ಈ ದಂಧೆ ನಿಲ್ಲುವುದಿಲ್ಲ.

ಇದಕ್ಕೆ ಬೇಕಾದ ಒಪ್ಪಂದಗಳ ಕೊರತೆಯೇನೂ ಇಲ್ಲ. ವಿಶ್ವಸಂಸ್ಥೆಯ ಮಹಾಸಭೆ 2000ದ ನವೆಂಬರ್‌ನಲ್ಲಿ ಅಂಗೀಕರಿಸಿದ ಮಾನವ ಕಳ್ಳಸಾಗಣೆ ತಡೆ ಪ್ರೋಟೊಕಾಲ್ 2003ರ ಡಿಸೆಂಬರ್‌ನಲ್ಲಿ ಜಾರಿಗೆ ಬಂತು. ಇಟಲಿಯ ಪಲೆರ್ಮೊ ನಗರದಲ್ಲಿ ಸಹಿಗೆ ತೆರೆದಿಟ್ಟದ್ದರಿಂದ ಅದಕ್ಕೆ ಪಲೆರ್ಮೊ ಪ್ರೋಟೊಕಾಲ್ ಎಂದೇ ಹೆಸರಾಗಿದೆ. ಭಾರತ 2002ರಲ್ಲಿ ಸಹಿ ಹಾಕಿ 2011ರಲ್ಲಿ ಅನುಮೋದಿಸಿತು. ಥಾಯ್ಲೆಂಡ್, ಮ್ಯಾನ್ಮಾರ್, ಕಾಂಬೋಡಿಯಾ, ಲಾವೋಸ್ ಕೂಡ ಅದಕ್ಕೆ ಬದ್ಧವಾಗಿವೆ. ಮೂರು ಅಂಶಗಳು ಕೂಡಿದರೆ ಕಳ್ಳಸಾಗಣೆ ಎಂದು ಅದು ಹೇಳುತ್ತದೆ: ವ್ಯಕ್ತಿಯನ್ನು ನೇಮಿಸುವುದು, ಸಾಗಿಸುವುದು ಅಥವಾ ಇರಿಸಿಕೊಳ್ಳುವುದು, ಅದಕ್ಕಾಗಿ ಬಲಪ್ರಯೋಗ, ಮೋಸ ಅಥವಾ ಅಸಹಾಯಕತೆಯ ದುರುಪಯೋಗ, ಶೋಷಣೆಯ ಉದ್ದೇಶ. ಮಕ್ಕಳ ವಿಷಯದಲ್ಲಿ ನಡುವಿನ ಅಂಶವನ್ನು ಸಾಬೀತು ಮಾಡುವ ಅಗತ್ಯವೂ ಇಲ್ಲ. ಇದಲ್ಲದೆ 2002ರಲ್ಲಿ ಕಠ್ಮಂಡುವಿನಲ್ಲಿ ಸಹಿಯಾದ ಸಾರ್ಕ್ ಒಪ್ಪಂದವಿದೆ, 2015ರ ಆಸಿಯಾನ್ ಒಪ್ಪಂದವಿದೆ. ಬಾಂಗ್ಲಾದೇಶದೊಂದಿಗೆ 2015ರಲ್ಲಿ, ಕಾಂಬೋಡಿಯಾದೊಂದಿಗೆ 2018ರಲ್ಲಿ, ಮ್ಯಾನ್ಮಾರ್‌ನೊಂದಿಗೆ 2020ರಲ್ಲಿ ಭಾರತ ಪ್ರತ್ಯೇಕ ತಿಳಿವಳಿಕೆ ಪತ್ರಗಳಿಗೆ ಸಹಿ ಮಾಡಿದೆ. ಆದರೆ ಸಾರ್ಕ್ ಒಪ್ಪಂದ ವೇಶ್ಯಾವೃತ್ತಿಗಾಗಿ ನಡೆಯುವ ಹೆಣ್ಣುಮಕ್ಕಳ, ಮಕ್ಕಳ ಸಾಗಣೆಗೆ ಮಾತ್ರ ಸೀಮಿತ. ದುಡಿಮೆಗಾಗಿ ಸಾಗಿಸಲ್ಪಟ್ಟ ಗಂಡಸು ಅದರ ಕಣ್ಣಿಗೆ ಬೀಳುವುದೇ ಇಲ್ಲ. ಸಾರ್ಕ್ ಶೃಂಗಸಭೆಯಂತೂ 2014ರ ನಂತರ ಸೇರಿಲ್ಲ. ದ್ವಿಪಕ್ಷೀಯ ಪತ್ರಗಳ ಒತ್ತು ಹೆಚ್ಚಾಗಿ ತಡೆ, ರಕ್ಷಣೆ, ವಾಪಸಾತಿಗಳ ಮೇಲಿದೆ. ಸಾಕ್ಷ್ಯ ಹಂಚಿಕೊಂಡು ಜಂಟಿಯಾಗಿ ಮೊಕದ್ದಮೆ ನಡೆಸಿದ ಉದಾಹರಣೆಗಳು ವಿರಳ.

ಬರೀ ದಾಳಿ ಮತ್ತು ಬಿಡುಗಡೆಗಳಿಂದ ಏನಾಗುತ್ತದೆ ಎಂಬುದಕ್ಕೆ ಕಳೆದ ಕೆಲವು ವರ್ಷಗಳ ಚರಿತ್ರೆಯೇ ಪುರಾವೆ. 2022ರ ಆಗಸ್ಟ್‌ನಲ್ಲಿ ಕಾಂಬೋಡಿಯಾದ ಒಂದು ಕ್ಯಾಸಿನೊದಿಂದ ನಲವತ್ತಕ್ಕೂ ಹೆಚ್ಚು ವಿಯೆಟ್ನಾಮಿಗರು ಕಾವಲುಗಾರರನ್ನು ತಪ್ಪಿಸಿ ಓಡಿ, ಗಡಿಯ ನದಿಗೆ ಹಾರಿ ತಮ್ಮ ದೇಶದ ದಡಕ್ಕೆ ಈಜಿದರು. ಅವರಲ್ಲೊಬ್ಬ, ಹದಿನಾರರ ಹುಡುಗ, ನೀರಿನಲ್ಲೇ ಉಳಿದ. ಜಗತ್ತಿನ ಒತ್ತಡ ಹೆಚ್ಚಿ ಸಿಹಾನೂಕ್‌ವಿಲ್ ಸುತ್ತಮುತ್ತ ದಾಳಿಗಳು ನಡೆದಾಗ ಅನೇಕ ತಂಡಗಳು ಬೇರೆಡೆಗೆ ಬಿಡಾರ ಬದಲಿಸಿದವು. 2023ರ ಕೊನೆಯಲ್ಲಿ ಚೀನಾದ ಒತ್ತಡದಿಂದ ಉತ್ತರ ಮ್ಯಾನ್ಮಾರ್‌ನ ಲೌಕ್ಕಾಯ್ ಪ್ರದೇಶ ಬರಿದಾಯಿತು. ದಂಧೆ ದಕ್ಷಿಣದ ಮ್ಯಾವಡಿಯಲ್ಲಿ ಬೆಳೆಯಿತು. 2025ರ ಫೆಬ್ರುವರಿಯಲ್ಲಿ ಥಾಯ್ಲೆಂಡ್ ಗಡಿಯಾಚೆಯ ಐದು ಕಡೆಗಳಿಗೆ ವಿದ್ಯುತ್, ಇಂಧನ ಮತ್ತು ಇಂಟರ್‌ನೆಟ್ ಕಡಿತಗೊಳಿಸಿತು. ಏಳು ಸಾವಿರಕ್ಕೂ ಹೆಚ್ಚು ಜನ ಹೊರಬಂದರು, ನಮ್ಮ 549 ಮಂದಿಯೂ ಆಗ ಬಂದವರೇ. ಆದರೆ ಕೆಲವೇ ತಿಂಗಳಲ್ಲಿ ಅದೇ ಕಟ್ಟಡಗಳ ಛಾವಣಿಯ ಮೇಲೆ ಉಪಗ್ರಹ ಇಂಟರ್‌ನೆಟ್‌ನ ಡಿಶ್‌ಗಳು ಸಾಲುಗಟ್ಟಿದವು. ಅಕ್ಟೋಬರ್‌ನಲ್ಲಿ ಮ್ಯಾನ್ಮಾರ್ ಸೇನೆ ಮ್ಯಾವಡಿಯ ಕೆ.ಕೆ. ಪಾರ್ಕ್ ಎಂಬ ವಂಚನಾ ಆವರಣಕ್ಕೆ ನುಗ್ಗಿದಾಗ ಸಾವಿರಕ್ಕೂ ಹೆಚ್ಚು ಜನ ಮತ್ತೆ ಮೇ ಸೋಟ್‌ಗೆ ಓಡಿಬಂದರು, ನೂರಾರು ಭಾರತೀಯರಿಗಾಗಿ ಮತ್ತೆ ವಾಯುಪಡೆಯ ವಿಮಾನ ಹೋಗಬೇಕಾಯಿತು. ಆ ಹೊತ್ತಿಗೆ ಸ್ಪೇಸ್‌ಎಕ್ಸ್ ಕಂಪನಿ ಮ್ಯಾನ್ಮಾರ್‌ನ ವಂಚನಾ ಕೇಂದ್ರಗಳ ಬಳಿಯಿದ್ದ 2,500ಕ್ಕೂ ಹೆಚ್ಚು ಸ್ಟಾರ್‌ಲಿಂಕ್ ಉಪಕರಣಗಳನ್ನು ನಿಷ್ಕ್ರಿಯಗೊಳಿಸಿದ್ದಾಗಿ ಹೇಳಿತು. ಕಟ್ಟಡ, ವಿದ್ಯುತ್, ಆಳುಗಳು ಇವೆಲ್ಲ ಈ ದಂಧೆಗೆ ಬದಲಿಸಿಕೊಳ್ಳಬಹುದಾದ ಸರಕುಗಳು. ಬಂಡವಾಳ, ಅದನ್ನು ಬಚ್ಚಿಡುವ ದಾರಿ ಮತ್ತು ರಾಜಕೀಯ ರಕ್ಷಣೆಯನ್ನು ಮಾತ್ರ ಅಷ್ಟು ಸುಲಭವಾಗಿ ಬದಲಿಸಿಕೊಳ್ಳಲಾಗದು.

ಸಹಕಾರ ನಿಜವಾಗಿ ಕೂಡಿಬಂದಾಗ ಏನಾಗುತ್ತದೆ ಎಂಬುದನ್ನು ಬೆಂಗಳೂರೇ ಕಂಡಿದೆ. 2021ರ ಮೇ ತಿಂಗಳಲ್ಲಿ ಬಾಂಗ್ಲಾದೇಶದ ಯುವತಿಯೊಬ್ಬಳ ಮೇಲಿನ ಕ್ರೂರ ದೌರ್ಜನ್ಯದ ವಿಡಿಯೊ ಹರಿದಾಡಿತು. ಅಸ್ಸಾಂ ಪೊಲೀಸರು ಆರೋಪಿಗಳ ಚಿತ್ರ ಪ್ರಕಟಿಸಿದರು. ಢಾಕಾ ಪೊಲೀಸರು ಅವರಲ್ಲೊಬ್ಬನನ್ನು ತಮ್ಮ ನಗರದವನೆಂದು ಗುರುತಿಸಿದರು. ಕೃತ್ಯ ನಡೆದದ್ದು ಬೆಂಗಳೂರಿನಲ್ಲಿ ಎಂದು ತಿಳಿದೊಡನೆ ಇಲ್ಲಿನ ಪೊಲೀಸರು ರಾಮಮೂರ್ತಿನಗರ ಠಾಣೆಯಲ್ಲಿ ಪ್ರಕರಣ ದಾಖಲಿಸಿ ಆರೋಪಿಗಳನ್ನು ಬಂಧಿಸಿದರು. ಸಂತ್ರಸ್ತೆ ಕೇರಳದಲ್ಲಿ ಪತ್ತೆಯಾದಳು. ಕೆಲಸದ ಆಸೆ ತೋರಿಸಿ ಯುವತಿಯರನ್ನು ಗಡಿ ದಾಟಿಸುತ್ತಿದ್ದ ಜಾಲವೊಂದು ಹೀಗೆ ಬೆಳಕಿಗೆ ಬಂತು. ಢಾಕಾದಲ್ಲಿ ಪ್ರತ್ಯೇಕ ಪ್ರಕರಣ ದಾಖಲಾಗಿ ಅಲ್ಲಿನ ಕೊಂಡಿಗಳ ಬಂಧನವಾಯಿತು. ಇಲ್ಲಿ ಕೆಲವೇ ವಾರಗಳಲ್ಲಿ ಆರೋಪಪಟ್ಟಿ ಸಲ್ಲಿಕೆಯಾಗಿ, ಒಂದು ವರ್ಷದೊಳಗೆ, 2022ರ ಮೇ ತಿಂಗಳಲ್ಲಿ, ವಿಶೇಷ ನ್ಯಾಯಾಲಯ ಏಳು ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಎರಡು ದೇಶ, ಮೂರು ರಾಜ್ಯಗಳ ಪೊಲೀಸರು ಪರಸ್ಪರ ಮಾತಾಡಿದ್ದರಿಂದ, ಸಂತ್ರಸ್ತೆಗೆ ಸಾಕ್ಷಿ ಹೇಳುವ ಧೈರ್ಯ ಮತ್ತು ಭದ್ರತೆ ಸಿಕ್ಕಿದ್ದರಿಂದ ಇದು ಸಾಧ್ಯವಾಯಿತು. ಆದರೆ ಆ ವಿಡಿಯೊ ಹರಿದಾಡದಿದ್ದರೆ ಈ ಯಾವುದೂ ಆಗುತ್ತಿರಲಿಲ್ಲ ಎಂಬುದೂ ಅಷ್ಟೇ ನಿಜ. ಸಮೂಹದ ಆಕ್ರೋಶ ಹುಟ್ಟಿಸಿದ ವೇಗವನ್ನು ದಿನನಿತ್ಯದ ವ್ಯವಸ್ಥೆಯಾಗಿ ಮಾರ್ಪಡಿಸುವುದೇ ಒಪ್ಪಂದಗಳ ಕೆಲಸ.

ಇಲ್ಲಿ ಕೆಲವು ಆಕ್ಷೇಪಗಳು ಏಳುತ್ತವೆ. ಮೊದಲನೆಯದು, ‘ಅವರು ತಾವಾಗಿಯೇ ಹೋದವರು, ದುಡ್ಡಿನಾಸೆಗೆ ಬಿದ್ದವರು, ಇದಕ್ಕೆ ಕಳ್ಳಸಾಗಣೆ ಎನ್ನುವುದೇಕೆ?’ ಎಂಬುದು. ಕನ್ನಡ ನಾಡಿಗೆ ಈ ವಾದ ಹೊಸದಲ್ಲ. ಜೀತ ಪದ್ಧತಿಯ ವಿರುದ್ಧ ಹೋರಾಟ ನಡೆದಾಗಲೂ ‘ಸಾಲ ಪಡೆದು ತಾನೇ ಒಪ್ಪಿ ದುಡಿಯುತ್ತಿದ್ದಾನೆ’ ಎಂದು ಧಣಿಗಳು ಹೇಳುತ್ತಿದ್ದರು. 1976ರ ಜೀತ ಪದ್ಧತಿ ರದ್ದತಿ ಕಾಯ್ದೆ ಆ ವಾದವನ್ನು ತಳ್ಳಿಹಾಕಿತು. ಏಷ್ಯನ್ ಕ್ರೀಡಾಕೂಟದ ಕಾಮಗಾರಿಗಳ ಕಾರ್ಮಿಕರ ಪ್ರಕರಣದಲ್ಲಿ 1982ರಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಮುಂದೆ ಹೋಗಿ, ಹಸಿವು ಮತ್ತು ಬಡತನದ ಒತ್ತಾಯವೂ ಬಲವಂತವೇ ಎಂದು ಸಂವಿಧಾನದ 23ನೇ ವಿಧಿಯನ್ನು ವ್ಯಾಖ್ಯಾನಿಸಿತು. ಭಾರತೀಯ ನ್ಯಾಯ ಸಂಹಿತೆಯ 143ನೇ ಸೆಕ್ಷನ್ ಕೂಡ ಕಳ್ಳಸಾಗಣೆಯನ್ನು ನಿರ್ಧರಿಸುವಾಗ ಸಂತ್ರಸ್ತರ ಒಪ್ಪಿಗೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವಂತಿಲ್ಲ ಎನ್ನುತ್ತದೆ. ವಿಮಾನ ಹತ್ತುವುದಕ್ಕೆ ಒಪ್ಪಿದವನು ಪಾಸ್‌ಪೋರ್ಟ್ ಕಿತ್ತುಕೊಳ್ಳುವುದಕ್ಕೆ, ಶಾಕ್ ಕೊಡುವುದಕ್ಕೆ ಒಪ್ಪಿರಲಿಲ್ಲ. ಹೆಚ್ಚು ಸಂಬಳದ ಆಸೆ ಅಪರಾಧವೂ ಅಲ್ಲ; ಆ ಆಸೆಯಿಂದಲೇ ನಮ್ಮ ಸಾವಿರಾರು ಮನೆಗಳು ಗಲ್ಫ್ ದೇಶಗಳ ದುಡಿಮೆಯಲ್ಲಿ ಎದ್ದು ನಿಂತಿವೆ.

ಎರಡನೆಯ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ನಮ್ಮವರ ಹಣ ದೋಚಿದ ಕೈಗಳೇ ಇವು, ಇವರನ್ನು ಸಂತ್ರಸ್ತರೆಂದು ಬಿಟ್ಟುಬಿಟ್ಟರೆ ಹಣ ಕಳೆದುಕೊಂಡವರಿಗೆ ನ್ಯಾಯವೆಲ್ಲಿ ಎಂದು ಕೇಳಿದರೆ ಅದನ್ನು ಹಗುರವಾಗಿ ತಳ್ಳಿಹಾಕಲಾಗದು. ಒಳಗೆ ಹೋದವರೆಲ್ಲ ಒಂದೇ ತರದವರೂ ಅಲ್ಲ. ಬಲವಂತಕ್ಕೆ ಸಿಲುಕಿ ದುಡಿದವರಿದ್ದಾರೆ, ಗೊತ್ತಿದ್ದೇ ಹೋದವರಿದ್ದಾರೆ, ಸಂತ್ರಸ್ತರಾಗಿ ಹೋಗಿ ಆಮೇಲೆ ಮೇಲ್ವಿಚಾರಕರಾಗಿ ಇತರರನ್ನು ಹೊಡೆದವರೂ, ಊರಿನ ಗೆಳೆಯರನ್ನು ಕರೆಸಿ ಕಮಿಷನ್ ಪಡೆದವರೂ ಇದ್ದಾರೆ. ಇವರನ್ನು ಬೇರ್ಪಡಿಸಿ ನೋಡುವ ಕೆಲಸ ವಿಮಾನ ಇಳಿದ ದಿನವೇ ಆರಂಭವಾಗಬೇಕು, ಅದಕ್ಕೆ ತರಬೇತಿ ಪಡೆದ ಅಧಿಕಾರಿಗಳು ಬೇಕು. ಬಲವಂತಕ್ಕೆ ಒಳಗಾಗಿ ಮಾಡಿದ ಕೃತ್ಯಕ್ಕೆ ಸಂತ್ರಸ್ತರನ್ನು ಶಿಕ್ಷಿಸಬಾರದು ಎಂಬ ತತ್ವವನ್ನು ಯುರೋಪಿನ ಒಪ್ಪಂದವೂ ಆಸಿಯಾನ್ ಒಪ್ಪಂದವೂ ಅಂಗೀಕರಿಸಿವೆ. ಯುರೋಪಿಯನ್ ಒಕ್ಕೂಟ 2011ರಲ್ಲೇ ಅಪರಾಧ ಮಾಡಿಸುವುದನ್ನೂ ಶೋಷಣೆಯ ಪಟ್ಟಿಗೆ ಸೇರಿಸಿತು. ನಮ್ಮ 143ನೇ ಸೆಕ್ಷನ್ ಅದನ್ನು ಸ್ಪಷ್ಟವಾಗಿ ಹೆಸರಿಸಿಲ್ಲ. ಹೆಸರಿಸುವುದು ಹಣ ಕಳೆದುಕೊಂಡವರ ಹಿತದೃಷ್ಟಿಯಿಂದಲೂ ಅಗತ್ಯ. ಯಾವ ಕೋಣೆಯಲ್ಲಿ ಯಾರು ಆದೇಶ ಕೊಡುತ್ತಿದ್ದರು, ಯಾವ ಖಾತೆಗೆ ಹಣ ಹೋಗುತ್ತಿತ್ತು ಎಂದು ಹೇಳಬಲ್ಲವರು ಮರಳಿ ಬಂದವರು ಮಾತ್ರ. ಬಾಯಿ ತೆರೆದರೆ ಜೈಲು ಎಂಬ ಭಯವಿದ್ದರೆ ಅವರು ಮೌನವಾಗಿ ಊರು ಸೇರುತ್ತಾರೆ, ಮಾಲೀಕ ನಿಶ್ಚಿಂತೆಯಿಂದ ಇರುತ್ತಾನೆ.

ಮೂರನೆಯದು ನಿರಾಶೆಯ ಮಾತು. ಸರ್ಕಾರದ ಹಿಡಿತವೇ ಇಲ್ಲದ ಸಶಸ್ತ್ರ ಗುಂಪುಗಳ ನೆಲದಲ್ಲಿ, ಅಧಿಕಾರಸ್ಥರೇ ಪಾಲುದಾರರಾಗಿರುವ ದೇಶಗಳಲ್ಲಿ ಯಾವ ಒಪ್ಪಂದ ತಾನೇ ನಡೆದೀತು? ಮ್ಯಾವಡಿ ಪ್ರದೇಶದಲ್ಲಿ ಮ್ಯಾನ್ಮಾರ್ ಸರ್ಕಾರಕ್ಕಿಂತ ಕರೆನ್ ಸಮುದಾಯದ ಸಶಸ್ತ್ರ ಪಡೆಗಳ ಮಾತು ನಡೆಯುತ್ತದೆ ಎಂಬುದು ನಿಜವೇ. ಆದರೆ ಹಣ ಆ ಕಾಡಿನಲ್ಲಿ ಉಳಿಯುವುದಿಲ್ಲ. ಅದು ಕ್ರಿಪ್ಟೊ ಆಗಿ, ಹೋಟೆಲ್ ಆಗಿ, ಲಂಡನ್ನಿನ ಕಟ್ಟಡವಾಗಿ ಬೆಳಕಿಗೆ ಬರಲೇಬೇಕು. ಅಲ್ಲಿ ಕಾನೂನಿನ ಕೈ ಅದನ್ನು ಮುಟ್ಟಬಹುದು. 2025ರ ಅಕ್ಟೋಬರ್‌ನಲ್ಲಿ ಅಮೆರಿಕದ ನ್ಯಾಯ ಇಲಾಖೆ ಕಾಂಬೋಡಿಯಾದ ಪ್ರಿನ್ಸ್ ಗ್ರೂಪ್‌ನ ಅಧ್ಯಕ್ಷ ಚೆನ್ ಝೀ ವಿರುದ್ಧ ಇಂಥ ವಂಚನಾ ಕೇಂದ್ರಗಳನ್ನು ನಡೆಸಿದ ಆರೋಪ ಹೊರಿಸಿ, ಸುಮಾರು 15 ಶತಕೋಟಿ ಡಾಲರ್ ಮೌಲ್ಯದ 1,27,000ಕ್ಕೂ ಹೆಚ್ಚು ಬಿಟ್‌ಕಾಯಿನ್ ಮುಟ್ಟುಗೋಲಿಗೆ ಮುಂದಾಯಿತು. ಬ್ರಿಟನ್ ಅದೇ ದಿನ ಆತನ ಲಂಡನ್ನಿನ ಆಸ್ತಿಗಳನ್ನು ಸ್ತಂಭನಗೊಳಿಸಿತು. ಕಂಪನಿ ಆರೋಪಗಳನ್ನು ನಿರಾಕರಿಸಿದೆ. ಆದರೆ ಅಲ್ಲಿಯವರೆಗೆ ಯಾರೂ ಮುಟ್ಟಲಾಗದವನಂತಿದ್ದ ಆತನನ್ನು 2026ರ ಜನವರಿಯಲ್ಲಿ ಕಾಂಬೋಡಿಯಾ ಬಂಧಿಸಿ ಚೀನಾಕ್ಕೆ ಕಳುಹಿಸಿತು. ಫಿಲಿಪ್ಪೀನ್ಸ್‌ನಲ್ಲಿ ಬಾಂಬಾನ್ ಪಟ್ಟಣದ ಮೇಯರ್ ಆಗಿದ್ದ ಆಲಿಸ್ ಗುವೊ ಇಂಥದೇ ವಂಚನಾ ಕೇಂದ್ರದ ಪ್ರಕರಣದಲ್ಲಿ ಸಿಲುಕಿ ಇಂಡೊನೇಷ್ಯಾಕ್ಕೆ ಓಡಿಹೋಗಿ ಅಲ್ಲಿ ಸಿಕ್ಕಿಬಿದ್ದರು. ಮಾನವ ಕಳ್ಳಸಾಗಣೆಯ ಅಪರಾಧಕ್ಕಾಗಿ 2025ರ ನವೆಂಬರ್‌ನಲ್ಲಿ ಅವರಿಗೆ ಜೀವಾವಧಿ ಶಿಕ್ಷೆಯಾಯಿತು. ಹಣದ ಜಾಡು ಮತ್ತು ನೆರೆ ದೇಶದ ಸಹಕಾರ ಎರಡೂ ಸೇರಿದರೆ ಅಧಿಕಾರಸ್ಥರೂ ತಪ್ಪಿಸಿಕೊಳ್ಳಲಾರರು ಎಂಬುದಕ್ಕೆ ಇವು ಸಾಕ್ಷಿ. ಬಲವಂತದ ದುಡಿಮೆಯಿಂದ ವರ್ಷಕ್ಕೆ 236 ಶತಕೋಟಿ ಡಾಲರ್ ಅಕ್ರಮ ಲಾಭ ಹುಟ್ಟುತ್ತಿದೆ ಎಂದು ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆ 2024ರಲ್ಲಿ ಅಂದಾಜಿಸಿದೆ. ಲಾಭಕ್ಕಾಗಿಯೇ ನಡೆಯುವ ಅಪರಾಧಕ್ಕೆ ಲಾಭ ಕಳೆದುಕೊಳ್ಳುವುದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ.

ಹಾಗಾದರೆ ಇದು ಅಮೆರಿಕ, ಚೀನಾಗಳಂಥ ಬಲಾಢ್ಯರ ಕೆಲಸ, ಭಾರತದ ಮಾತನ್ನು ಯಾರು ಕೇಳುತ್ತಾರೆ ಎಂದೂ ಹೇಳಬಹುದು. 2025ರ ಜನವರಿಯಲ್ಲಿ ಚೀನಾದ ನಟನೊಬ್ಬ ಮ್ಯಾವಡಿಯಲ್ಲಿ ಸಿಕ್ಕಿಬಿದ್ದ ಸುದ್ದಿಯಿಂದ ಚೀನೀ ಪ್ರವಾಸಿಗರು ಬೆದರಿದ ಮೇಲೆಯೇ ಥಾಯ್ಲೆಂಡ್ ಎಚ್ಚೆತ್ತದ್ದು ಹೌದು. ಆದರೆ ಭಾರತೀಯ ಪ್ರವಾಸಿಗರೂ ಥಾಯ್ಲೆಂಡಿಗೆ ಕಡಿಮೆ ಮುಖ್ಯವಲ್ಲ. ನಮ್ಮವರಿಗೆ ವೀಸಾ ಇಲ್ಲದೆ ಬರಲು ಬಾಗಿಲು ತೆರೆದದ್ದು ಅದಕ್ಕಾಗಿಯೇ. ನಮ್ಮ ಕೈಯಲ್ಲಿ ಬಿಮ್‌ಸ್ಟೆಕ್ ಎಂಬ ವೇದಿಕೆಯೂ ಇದೆ. ಭಾರತ, ಬಾಂಗ್ಲಾದೇಶ, ನೇಪಾಳ, ಭೂತಾನ್, ಶ್ರೀಲಂಕಾಗಳ ಜೊತೆ ಮ್ಯಾನ್ಮಾರ್, ಥಾಯ್ಲೆಂಡ್‌ಗಳೂ ಅದರ ಸದಸ್ಯರು. ಸಾಗಿಸಲ್ಪಡುವವರ ಊರು, ದಾರಿ ಮತ್ತು ಬಂದಿಖಾನೆ ಮೂರೂ ಒಂದೇ ಮೇಜಿನ ಸುತ್ತ ಕೂರುವ ಅಪರೂಪದ ವೇದಿಕೆಯಿದು. ಅಪರಾಧ ಪ್ರಕರಣಗಳಲ್ಲಿ ಪರಸ್ಪರ ಕಾನೂನು ನೆರವು ನೀಡುವ ಒಪ್ಪಂದಕ್ಕೆ ಈ ದೇಶಗಳು 2022ರ ಕೊಲಂಬೊ ಶೃಂಗಸಭೆಯಲ್ಲಿ ಸಹಿ ಹಾಕಿವೆ. ಅದನ್ನು ಮಾನವ ಕಳ್ಳಸಾಗಣೆಗೆ ಅನ್ವಯಿಸಿ, ಪ್ರತಿ ದೇಶದಲ್ಲೂ ಒಬ್ಬ ನಿಯೋಜಿತ ಅಧಿಕಾರಿಯನ್ನು ಹೆಸರಿಸಿ, ಸಾಕ್ಷ್ಯ ಕೋರಿದ ಪತ್ರಕ್ಕೆ ಇಂತಿಷ್ಟು ದಿನದೊಳಗೆ ಉತ್ತರಿಸಬೇಕೆಂಬ ಗಡುವು ಹಾಕಿದರೆ ಸಾಕು, ಅರ್ಧ ಕೆಲಸ ಆದಂತೆ. ವಿಡಿಯೊ ಮೂಲಕ ಪಡೆದ ಸಾಕ್ಷಿಯನ್ನು ಎಲ್ಲ ದೇಶಗಳ ನ್ಯಾಯಾಲಯಗಳೂ ಒಪ್ಪುವಂತಾದರೆ, ಬೆಳಗಾವಿಯಲ್ಲಿ ಕುಳಿತ ಸಂತ್ರಸ್ತನೊಬ್ಬ ಬ್ಯಾಂಕಾಕ್‌ನ ಮೊಕದ್ದಮೆಯಲ್ಲಿ ನುಡಿಯಬಹುದು.

ಇದೆಲ್ಲಕ್ಕಿಂತ ಸುಲಭ ಉಪಾಯವೊಂದನ್ನು ಕೆಲವರು ಸೂಚಿಸುತ್ತಾರೆ: ಯುವಕರನ್ನು ಹೋಗಗೊಡದೆ ವಿಮಾನ ನಿಲ್ದಾಣದಲ್ಲೇ ತಡೆಯುವುದು. ನೇಪಾಳ ಈ ದಾರಿ ಹಿಡಿದು ನೋಡಿದೆ. ಗಲ್ಫ್ ದೇಶಗಳಿಗೆ ಮನೆಗೆಲಸಕ್ಕೆ ಹೋಗುವ ಮಹಿಳೆಯರ ಮೇಲೆ 2017ರಲ್ಲಿ ಅದು ನಿಷೇಧ ಹೇರಿತು. ಹೋಗಬೇಕಾದ ಬಡತನ ಹಾಗೇ ಉಳಿದಿದ್ದರಿಂದ ಅವರು ಭಾರತದ ತೆರೆದ ಗಡಿ ದಾಟಿ, ದೆಹಲಿ, ಮುಂಬೈಗಳಿಂದ ವಿಮಾನ ಹತ್ತಿದರು. ದಾಖಲೆಯಿಲ್ಲದ್ದರಿಂದ ಇನ್ನಷ್ಟು ಅಸಹಾಯಕರಾದರು. ದಾರಿ ಮುಚ್ಚಿದಾಗ ದಲ್ಲಾಳಿಯ ಬೆಲೆ ಏರುತ್ತದೆ. 2021ರ ಜೂನ್‌ನಲ್ಲಿ ಮಂಗಳೂರು ಪೊಲೀಸರು ಪತ್ತೆಹಚ್ಚಿದ 38 ಮಂದಿ ಶ್ರೀಲಂಕಾ ಪ್ರಜೆಗಳು ಕೆನಡಾದ ಆಸೆಗೆ ಹಣ ಕೊಟ್ಟು, ಸಮುದ್ರ ದಾಟಿ, ತಮಿಳುನಾಡಿನ ಮೂಲಕ ಇಲ್ಲಿಗೆ ಬಂದು ಕಾಯುತ್ತಿದ್ದವರು. ಆ ಪ್ರಕರಣವನ್ನು ರಾಷ್ಟ್ರೀಯ ತನಿಖಾ ಸಂಸ್ಥೆ (ಎನ್‌ಐಎ) ವಹಿಸಿಕೊಂಡಿತು. ನಮ್ಮ ಕರಾವಳಿಯೂ ಯಾರದೋ ಸಾಗಣೆಯ ಹಾದಿಯಾಗಬಲ್ಲದು. ತಡೆಯುವುದಕ್ಕಿಂತ ಸುರಕ್ಷಿತ ದಾರಿ ತೋರಿಸುವುದು ಮುಖ್ಯ, ಆದರೆ ಅಲ್ಲೇ ನಮ್ಮ ಕಾನೂನು ಹಿಂದೆ ಉಳಿದಿದೆ. 1983ರ ವಲಸೆ ಕಾಯ್ದೆ ಶಾಲೆ ಕಾಣದ ಕೂಲಿಕಾರನನ್ನು ಮನಸ್ಸಿನಲ್ಲಿಟ್ಟು ರೂಪಿಸಿದ್ದು. ಹತ್ತನೆಯ ತರಗತಿ ಪಾಸಾಗದವರು 18 ದೇಶಗಳಿಗೆ ಕೆಲಸಕ್ಕೆ ಹೋಗುವಾಗ ಸರ್ಕಾರದ ಅನುಮತಿ ಪಡೆಯಬೇಕು. ಪದವೀಧರನಿಗೆ ಆ ತಪಾಸಣೆಯೇ ಇಲ್ಲ. ಪ್ರವಾಸಿಯಾಗಿ ಹೊರಟವನಂತೂ ಕಾಯ್ದೆಯ ಹೊರಗೇ ಉಳಿಯುತ್ತಾನೆ. 2022ರ ಜನವರಿಯಿಂದ 2024ರ ಮೇ ವರೆಗೆ ಸಂದರ್ಶಕ ವೀಸಾದಲ್ಲಿ ಕಾಂಬೋಡಿಯಾ, ಥಾಯ್ಲೆಂಡ್, ಮ್ಯಾನ್ಮಾರ್, ವಿಯೆಟ್ನಾಂಗಳಿಗೆ ಹೋಗಿ ಮರಳದವರು 29,000ಕ್ಕೂ ಹೆಚ್ಚು ಎಂದು ವಲಸೆ ಬ್ಯೂರೊದ ಅಂಕಿಅಂಶಗಳನ್ನು ಆಧರಿಸಿ ವರದಿಯಾಗಿತ್ತು. ಅವರೆಲ್ಲರೂ ಸೆರೆಯಲ್ಲಿದ್ದಾರೆಂದು ಇದರ ಅರ್ಥವಲ್ಲ, ಆದರೆ ಅವರು ಎಲ್ಲಿದ್ದಾರೆ ಎಂದು ವಿಚಾರಿಸುವ ಹೊಣೆ ಸರ್ಕಾರದ್ದೇ.

ಗಡಿಯಾಚೆಯ ಸಹಕಾರ ಅಂತಿಮವಾಗಿ ನಿಲ್ಲುವುದು ಗಡಿಯೊಳಗಿನ ಠಾಣೆಯ ಮೇಲೆ. ಕರ್ನಾಟಕದಲ್ಲಿ ಮಾನವ ಕಳ್ಳಸಾಗಣೆ ತಡೆ ಘಟಕಗಳು ಒಂದು ಕಡೆ, ಸೈಬರ್ ಅಪರಾಧದ ಸೆನ್ ಠಾಣೆಗಳು ಇನ್ನೊಂದು ಕಡೆ ಇವೆ. ಮಗ ಕಾಂಬೋಡಿಯಾದಲ್ಲಿ ಸಿಕ್ಕಿಬಿದ್ದಿದ್ದಾನೆ ಎಂದು ದೂರು ಕೊಡುವ ತಂದೆ ಮತ್ತು ಷೇರಿನ ಹೆಸರಲ್ಲಿ ಹಣ ಹೋಯಿತೆಂದು ದೂರು ಕೊಡುವ ನಿವೃತ್ತ ನೌಕರ ಬೇರೆ ಬೇರೆ ಬಾಗಿಲು ತಟ್ಟುತ್ತಾರೆ. ಇಬ್ಬರ ಕಡತಗಳೂ ಒಂದೇ ಜಾಲದ ಎರಡು ತುದಿಗಳಾಗಿರಬಹುದು. ಅವುಗಳನ್ನು ಜೋಡಿಸಿ ಓದುವ ಒಂದು ತಂಡ ರಾಜ್ಯಮಟ್ಟದಲ್ಲಿ ಬೇಕು. ಸಾವಿರ, ಎರಡು ಸಾವಿರ ರೂಪಾಯಿ ಕಮಿಷನ್‌ಗೆ ತಮ್ಮ ಬ್ಯಾಂಕ್ ಖಾತೆ, ಸಿಮ್ ಕಾರ್ಡುಗಳನ್ನು ಬೇರೆಯವರ ಕೈಗೆ ಕೊಡುವ ವಿದ್ಯಾರ್ಥಿಗಳು ಈ ಸಾಗಣೆಯ ಸರಪಳಿಗೆ ತಾವೂ ಕೊಂಡಿಯಾಗುತ್ತಿದ್ದೇವೆ ಎಂದು ತಿಳಿದಿರುವುದಿಲ್ಲ. ಅದನ್ನು ಕಾಲೇಜುಗಳಲ್ಲೇ ಹೇಳಬೇಕು. ಮರಳಿ ಬಂದವರ ತಲೆಯ ಮೇಲೆ ಏಜೆಂಟ್‌ಗೆ ಕೊಟ್ಟ, ಒತ್ತೆಹಣವಾಗಿ ಕಟ್ಟಿದ ಸಾಲ ಇರುತ್ತದೆ. ಜೀತ ವಿಮುಕ್ತರಿಗೆ ಪುನರ್ವಸತಿ ಧನ ಕೊಡುವ ನಾಡು ಇವರಿಗೂ ಅಂಥದೊಂದು ಆಸರೆ ಕೊಡಬೇಕು. ಕೊಡದಿದ್ದರೆ ಸಾಲ ತೀರಿಸಲು ಅವರು ಇನ್ನೊಬ್ಬ ಏಜೆಂಟ್‌ನ ಮುಂದೆ ನಿಲ್ಲುತ್ತಾರೆ.

ಓದುಗರಲ್ಲಿ ಒಂದು ಮನವಿ. ಮನೆಯ, ಊರಿನ ಯಾರಾದರೂ ಹೊರದೇಶದ ಕೆಲಸಕ್ಕೆ ಹೊರಟರೆ, ಏಜೆಂಟ್ ನೋಂದಾಯಿತನೇ ಎಂದು ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ಜಾಲತಾಣದಲ್ಲಿ ಪರಿಶೀಲಿಸಿ. ನೋಂದಾಯಿತ ಏಜೆಂಟ್ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿಗಿಂತ ಹೆಚ್ಚು ಸೇವಾ ಶುಲ್ಕ ಪಡೆಯುವಂತಿಲ್ಲ. ಪ್ರವಾಸಿ ವೀಸಾದಲ್ಲಿ ಕೆಲಸಕ್ಕೆ ಕರೆಯುವವನು ಯಾರೇ ಆಗಿರಲಿ, ಸಂಬಂಧಿಯೇ ಆಗಿರಲಿ, ಹೊರಡಬೇಡಿ. ಹಣ ಕಳೆದುಕೊಂಡರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಯಾರಾದರೂ ವಿದೇಶದಲ್ಲಿ ಸಿಲುಕಿದ್ದರೆ ‘ಮದದ್’ ಪೋರ್ಟಲ್‌ನಲ್ಲಿ ದೂರು ದಾಖಲಿಸುವುದರ ಜೊತೆಗೆ ಸ್ಥಳೀಯ ಠಾಣೆಯಲ್ಲಿ ಏಜೆಂಟ್ ವಿರುದ್ಧ ಎಫ್‌ಐಆರ್ ಮಾಡಿಸಿ. ಆ ಎಫ್‌ಐಆರ್ ಇಲ್ಲದೆ ಯಾವ ದೇಶದ ಪೊಲೀಸರೂ ನಮ್ಮ ಪೊಲೀಸರೊಂದಿಗೆ ಕಾನೂನುಬದ್ಧವಾಗಿ ಕೈಜೋಡಿಸುವುದು ಕಷ್ಟ. ಮುಂದಿನ ಬಾರಿ ವಿಮಾನವೊಂದು ನಮ್ಮ ಮಕ್ಕಳನ್ನು ಕರೆತಂದಾಗ ಎಷ್ಟು ಮಂದಿ ಬಂದರು ಎಂದು ಕೇಳುವುದರ ಜೊತೆಗೆ, ಎಷ್ಟು ಏಜೆಂಟರ ಮೇಲೆ ಆರೋಪಪಟ್ಟಿ ಸಲ್ಲಿಕೆಯಾಯಿತು, ಯಾವ ದೇಶ ಸಾಕ್ಷ್ಯ ಕೊಟ್ಟಿತು, ಯಾರ ಆಸ್ತಿ ಜಪ್ತಿಯಾಯಿತು ಎಂದು ನಮ್ಮ ಶಾಸಕರನ್ನೂ ಸಂಸದರನ್ನೂ ಕೇಳೋಣ. ಉತ್ತರ ಸಿಗುವವರೆಗೆ ಕೇಳುತ್ತಲೇ ಇರೋಣ.